ಕಪ್ಪೇ ಅಸಲಿ ಎಂದ ಉದ್ದಪ್ಪ

"ಬಣ್ಣಕ್ಕ ಮರುಳಾಗಬ್ಯಾಡ್ರಿ. ಇಪ್ಪತ್ತು ವರ್ಷ ಗಾಣದ ಮನ್ಯಾಗ ಬೆಲ್ಲ ಕುದಿಸೇನಿ, ನನಗ ಹೇಳಾಕ ಬರಬ್ಯಾಡ್ರಿ. ಹಳದಿ ಬೆಲ್ಲ ಅಂದ್ರ ಕೆಮಿಕಲ್ ಪುಡಿ ಹಾಕಿ ಬಣ್ಣ ತೊಳದ ಬೆಲ್ಲ. ಕರೀ ಬೆಲ್ಲ ಅಂದ್ರ ಅಸಲಿ. ಈ ಕೋಕೋ ಪುಡೀನೂ ಹಂಗ. ತಿಳಿ ಬಣ್ಣದ್ದು ಖೊಟ್ಟಿ ಮಾಲು. ಕೇಕಿಗೆ ಕಪ್ಪಂದ್ರ ಕಪ್ಪ ಬೇಕು."

ಮೂಡಲಗಿಯ ಉದ್ದಪ್ಪ ಈ ಮಾತನ್ನು ಘಟಪ್ರಭಾದ ಅಂಗಡಿಯಲ್ಲಿ ನಿಂತು ಹೇಳಿದ. ಬಸ್ಸಿನಲ್ಲಿ ಬಾಜೂ ಕೂತವನಿಗೆ ಹೇಳಿದ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಕಾಶೆವ್ವನಿಗೂ ಹೇಳಿದ. ಅವನು ಅದುವರೆಗೆ ಒಂದು ಕೇಕನ್ನೂ ಬೇಯಿಸಿರಲಿಲ್ಲ. ತಿನ್ನುವುದರಲ್ಲಿ ಅನುಭವ ಸಾಕಷ್ಟಿತ್ತು.

ಬೇಯಿಸುವವಳು ಕಾಶೆವ್ವ. ಹುಕ್ಕೇರಿಯಲ್ಲಿ ಮಿಠಾಯಿ ಅಂಗಡಿ ನಡೆಸುವ ಕಮಲಾಬಾಯಿ, ತತ್ತಿ ಹಾಕದ ಕೇಕೊಂದನ್ನು ಮಾದರಿಗೆ ಕೇಳಿದ್ದರು. ಮನಸ್ಸಿಗೆ ಬಂದರೆ ಪ್ರತಿ ಶನಿವಾರ ಹತ್ತು ಕೇಕು. ಇಂಥದೊಂದು ಕರೆಗೆ ಕಾಶೆವ್ವ ಎರಡು ವರ್ಷದಿಂದ ಕಾದಿದ್ದಳು. ಅವಳ ಕೇಕಿಗೆ ಮೈದಾ, ಸಕ್ಕರೆ, ಎಣ್ಣೆ, ಹಾಲು, ಚೂರು ಸೋಡಾ, ತಿಳಿ ಬಣ್ಣದ ಕೋಕೋ ಇಷ್ಟೇ ಬೇಕು. ಕೋಕೋ ಮುಗಿಯಿತೆಂದು ಗಂಡನನ್ನು ಕಳಿಸಿದ್ದೇ ತಪ್ಪಾಯಿತು.

ಕಪ್ಪು ಪುಡಿಯ ಕೇಕು ಉಬ್ಬಲಿಲ್ಲ. ರೊಟ್ಟಿಯಂತೆ ತಳಕ್ಕೆ ಅಂಟಿಕೊಂಡಿತು. ಬಾಯಿಗಿಟ್ಟರೆ ಸಾಬೂನಿನ ರುಚಿ. ಉದ್ದಪ್ಪ ಎರಡು ತುಣುಕು ನುಂಗಿ, ಅಸಲಿ ಮಾಲು ಹೀಗೇ ಇರುತ್ತದೆ, ನಾಲಿಗೆಗೆ ರೂಢಿಯಾಗಬೇಕು ಎಂದ. ಹೇಳಿ ಮುಗಿಸಿ ಒಂದು ತಂಬಿಗೆ ನೀರು ಕುಡಿದ.

ಕಾಶೆವ್ವ ವಾದಕ್ಕೆ ಹೋಗಲಿಲ್ಲ. ಹಳೆಯ ಡಬ್ಬಿಯ ತಳ ಕೆರೆದು ನಾಲಿಗೆಗೆ ಹಚ್ಚಿದಳು. ಹುಳಿ ಇತ್ತು. ಹೊಸ ಪುಡಿ ಹಚ್ಚಿದಳು. ಹುಳಿಯ ಸುಳಿವೇ ಇಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ನೆರೆಮನೆಯ ದಾಕ್ಷಾಯಿಣಿಯನ್ನು ಕರೆದು ಹೊಸ ಡಬ್ಬಿ ತೋರಿಸಿದಳು. ಉದ್ದಪ್ಪ ಅವಳಿಗೂ ಬೆಲ್ಲದ ಮಾತು ಹೇಳಿದ. ಹುಡುಗಿ ಸಣ್ಣಕ್ಷರ ಓದಿ ನಕ್ಕಳು.

"ಕಾಕಾ, ತೊಳದದ್ದು ಇದೇ ರೀ. ಹುಳಿ ಹೋಗ್ಲಿ ಅಂತ ಕ್ಷಾರ ಹಾಕಿರ್ತಾರ, ಅದಕ್ಕ ಕಪ್ಪಾಗೇತಿ. ಏನೂ ಹಾಕದ್ದಂದ್ರ ನೀವು ಖೊಟ್ಟಿ ಅಂದ್ರಲ್ಲಾ, ಅದು."

ಉದ್ದಪ್ಪ ಡಬ್ಬಿಯನ್ನು ತಿರುಗಿಸಿ ನೋಡಿದ, ತಲೆಕೆಳಗು ಮಾಡಿಯೂ ನೋಡಿದ. ಆ ಕಡೆಯಿಂದಲೂ ಅಕ್ಷರ ಬದಲಾಗಿರಲಿಲ್ಲ. ಕಾರಖಾನೆಯವರಿಗೆ ಬೆಲ್ಲದ ಜ್ಞಾನವಿಲ್ಲ ಎಂದು ತೀರ್ಪು ಕೊಟ್ಟ.

ಹುಳಿ ಸಿಗದೆ ಸೋಡಾ ಕೇಕನ್ನು ಹೇಗೆ ಉಬ್ಬಿಸೀತು? ಮಾದರಿ ಮರುದಿನವೇ ಹುಕ್ಕೇರಿ ಮುಟ್ಟಬೇಕಿತ್ತು, ಘಟಪ್ರಭಾಕ್ಕೆ ಮತ್ತೆ ಹೋಗಿ ಬರಲು ಹೊತ್ತಿರಲಿಲ್ಲ. ಪುಡಿಯಲ್ಲಿ ಇಲ್ಲದ್ದನ್ನು ಮನೆಯಿಂದಲೇ ಕೊಟ್ಟರಾಯಿತೆಂದು ಕಾಶೆವ್ವ ಹಾಲು ಬಿಟ್ಟು ಹುಳಿ ಮಜ್ಜಿಗೆ ಸುರಿದಳು. ಈ ಸಲ ಕೇಕು ಎದ್ದು ನಿಂತಿತು.

ಮರುದಿನ ಕಮಲಾಬಾಯಿ ತಿಂದು ನೋಡಿ, ಈ ಶನಿವಾರದಿಂದಲೇ ಕಳಿಸಲು ಫೋನಿನಲ್ಲಿ ಹೇಳಿದರು. ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಉದ್ದಪ್ಪ ಮೀಸೆ ಸವರಿಕೊಂಡ.

"ಬಣ್ಣ ನೋಡಿ ಮೆಚ್ಯಾರ ನೋಡು. ನಾ ತಂದ ಪುಡಿ."

"ಹೌದ್ರಿ," ಎಂದಳು ಕಾಶೆವ್ವ. "ಬಣ್ಣ ನಿಮ್ಮದು. ಉಬ್ಬಿಸಿದ್ದು ಮಜ್ಜಿಗಿ."

ಮೊದಲ ಕೇಕು ಕಚ್ಚಿಕೊಂಡಿದ್ದ ಪಾತ್ರೆ ನೀರಲ್ಲಿ ನೆನೆಯುತ್ತಿತ್ತು. ಅದನ್ನೆತ್ತಿ ಅವನ ಮುಂದಿಟ್ಟಳು. ಉದ್ದಪ್ಪ ನಳದ ಬಾಜೂ ಕುಕ್ಕುರುಗಾಲಲ್ಲಿ ಕೂತು, ತೆಂಗಿನ ನಾರಿನಿಂದ ಅದರ ತಳ ಉಜ್ಜತೊಡಗಿದ.