ಡಬ್ಬಿಯಲ್ಲಿದ್ದ ಕೊಲೆಗಾರರು

ಒಬ್ಬ ಮನುಷ್ಯ ಇನ್ನೊಬ್ಬನಿಗೆ ಇಂಥ ಪುಸ್ತಕ ಓದು ಎಂದು ಹೇಳುವುದು ಸಣ್ಣ ಹೊಣೆಯಲ್ಲ. ಅವನ ಆಯುಷ್ಯದಲ್ಲಿ ನಾಲ್ಕು ದಿನಗಳನ್ನು ಬೇಡಿ ತೆಗೆದುಕೊಂಡಂತೆ. ಈ ಹೊಣೆಯನ್ನು ನಾನು ಕೊಪ್ಪಳದಲ್ಲಿ ಏಳು ವರ್ಷ ಹೊತ್ತೆ. ಅದರಲ್ಲಿ ಆರು ವರ್ಷ, ನಾನು ಹೊಗಳಿದ ಯಾವ ಪುಸ್ತಕದ ಕೊನೆಯೂ ನನಗೆ ಗೊತ್ತಿರಲಿಲ್ಲ.

ನಮ್ಮ ವಾಚನಾಲಯವೆಂದರೆ ಅರಳೆ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಬೆಂಚು, ಒಂದು ಕಪಾಟು. ಕೆಳಗಿನ ಅಂಗಡಿಯ ವ್ಯಾಪಾರಿಯೇ ಅಧ್ಯಕ್ಷರು. ನಾನು ಸಂಬಳವಿಲ್ಲದ ಗ್ರಂಥಪಾಲಕ. ಕಚೇರಿ, ಸಾಲೆ, ಅರ್ಜಿ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ. ಕನ್ನಡ ಪುಸ್ತಕ ಕೈಗೆ ಸಿಗಬೇಕೆಂದರೆ ಊರಿನಲ್ಲಿದ್ದದ್ದು ಇದೊಂದೇ ಬಾಗಿಲು. ಅಧ್ಯಕ್ಷರು ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಗದಗಿಗೆ ಹೋಗಿ, ಅರಳೆಯ ಧಾರಣೆ ಕೇಳಿಕೊಂಡು, ಬರುವಾಗ ಒಂದು ಗಂಟು ಪುಸ್ತಕ ತರುತ್ತಿದ್ದರು. ಅದರಲ್ಲಿ ಪುರಾಣ, ನೀತಿ, ವೇದಾಂತದವು ಹತ್ತು. ಪತ್ತೇದಾರಿ ಕಾದಂಬರಿ ಎರಡು. ಹತ್ತು ಕಪಾಟಿಗೆ ಶೋಭೆ ತರುತ್ತಿದ್ದವು. ಎರಡನ್ನು ಜನ ಓದುತ್ತಿದ್ದರು.

ಹೊಸ ಪತ್ತೇದಾರಿ ಬಂದಾಗ ಅದರ ರಟ್ಟಿನ ಮೇಲೆ ನಾನೊಂದು ಚೀಟಿ ಅಂಟಿಸುತ್ತಿದ್ದೆ. "ಹೆಣ ಎರಡು. ಪ್ರೇಮ ಕಡಿಮೆ. ಮನೆಯಲ್ಲಿ ಧೈರ್ಯವಾಗಿ ಇಡಬಹುದು." ಇನ್ನೊಂದಕ್ಕೆ: "ಮೊದಲ ಮೂವತ್ತು ಪುಟ ಬೇಸರ, ನಂತರ ರಕ್ತ." ಇದನ್ನು ನಾನು ವಿಮರ್ಶೆ ಎಂದು ತಿಳಿದಿದ್ದೆ. ಓದುಗರಿಗೆ ಅವರದೇ ವಿಮರ್ಶೆ ಇತ್ತು. ಸಂತೆಗೆಂದು ಬಂದಾಗ ಪುಸ್ತಕ ಒಯ್ಯುತ್ತಿದ್ದ ಕುಷ್ಟಗಿಯ ಯಜಮಾನರೊಬ್ಬರು, ಬಾವಿಯಲ್ಲಿ ಮುಳುಗಿ ಸಾಯುವ ಕಥೆಯನ್ನು ಮಾರನೆಯ ವಾರ ನನ್ನ ಮೇಜಿನ ಮೇಲೆ ಕುಕ್ಕಿದರು. "ಮನಶ್ಯಾ ಮುಳುಗುವಷ್ಟು ನೀರು ಯಾವ ಊರ ಬಾವ್ಯಾಗ ಐತ್ರಿ? ಬರೇ ಸುಳ್ಳು ಬರದಾನ." ಕಿನ್ನಾಳದಲ್ಲಿ ಮರದ ಗೊಂಬೆಗಳಿಗೆ ಬಣ್ಣ ಹಚ್ಚುವ ಚಿತ್ರಗಾರರೊಬ್ಬರಿದ್ದರು, ನಮ್ಮಲ್ಲಿ ಅತ್ಯಂತ ನಿಷ್ಠೆಯ ಓದುಗ. ಹಳದಿ ಬಣ್ಣಕ್ಕೆ ಬಳಸುವ ಹರಿದಾಳವನ್ನು ಹಾಲಿನಲ್ಲಿ ಬೆರೆಸಿ ಗಂಡನನ್ನು ಕೊಲ್ಲುವ ಕಥೆಯನ್ನು ಅವರು ತಿರಸ್ಕರಿಸಿದ್ದು ಅನುಭವದ ಬಲದಿಂದ: "ಇಪ್ಪತ್ತು ವರ್ಷ ಆತ್ರಿ, ಹರಿದಾಳದ ಕುಂಚಾನ ತುಟೀಲೆ ಚೂಪ ಮಾಡಾಕತ್ತೀನಿ. ನಾ ಸತ್ತೀನೇನು?"

ಇನ್ನು ಕೊನೆಗಳ ಸಂಗತಿ. ನಮ್ಮ ಸದಸ್ಯರಲ್ಲಿ ಎರಡು ಸದ್ಗುಣಗಳಿದ್ದವು. ಒಯ್ದ ಪುಸ್ತಕವನ್ನು ಹಿಂದಕ್ಕೆ ಕೊಡುತ್ತಿರಲಿಲ್ಲ. ಕೊಟ್ಟರೆ ಮೊದಲ ಪುಟದಲ್ಲಿ, ಮುಂದಿನವರಿಗೆ ತೊಂದರೆಯಾಗಬಾರದೆಂದು, "ಕೊಲೆಗಾರ ಡಾಕ್ಟರ" ಎಂದು ದುಂಡಗೆ ಬರೆದಿರುತ್ತಿದ್ದರು. ಎರಡಕ್ಕೂ ಒಂದೇ ಮದ್ದು ಕಂಡುಹಿಡಿದವರು ಅಧ್ಯಕ್ಷರು. ಹೊಸ ಪತ್ತೇದಾರಿ ಬಂದ ಕೂಡಲೆ ನಾನು ಹೊಲಿಗೆ ಬಿಚ್ಚಿ ಕೊನೆಯ ಹದಿನಾರು ಪುಟಗಳನ್ನು ತೆಗೆದು, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಇಡಬೇಕು. ಸದಸ್ಯ ನಾಲ್ಕು ದಿನದೊಳಗೆ ಪುಸ್ತಕ ತಂದರೆ ಡಬ್ಬಿ ತೆರೆಯುತ್ತದೆ. ಬೆಂಚಿನ ಮೇಲೆ ಕೂತು, ನನ್ನ ಕಣ್ಣೆದುರಿಗೆ, ಕೊನೆ ಓದಿ ಹೋಗಬೇಕು. ಐದನೆಯ ದಿನ ಬಂದವರಿಗೆ ಕೊಲೆಗಾರನಿಲ್ಲ. ಅಂದಿನಿಂದ ಯಲಬುರ್ಗಿಯ ಸಾಲೆ ಮಾಸ್ತರರು ಕೂಡ, ಮಕ್ಕಳ ಪರೀಕ್ಷೆ ಬಿಟ್ಟು, ನಾಲ್ಕನೆಯ ದಿನ ಬಸ್ಸು ಹಿಡಿದು ಬಂದರು.

ಒಂದೇ ತೊಂದರೆ ಉಳಿಯಿತು: ನನ್ನ ಮುಖ. ಯಾರಾದರೂ "ಆ ಅಡಿಗಿಯವ ಅಲ್ಲರಿ ಮಾಡಿದ್ದು?" ಎಂದಾಗ ನನ್ನ ಹುಬ್ಬು ಏಳುತ್ತಿತ್ತಂತೆ. ಅಧ್ಯಕ್ಷರು ತೀರ್ಪು ಕೊಟ್ಟರು: "ನೀವೂ ಓದಬ್ಯಾಡ್ರಿ. ಗೊತ್ತಿರಲಾರದವನ ಮಾರಿ ಭಾಳ ಛಲೋ ಇರತೈತಿ." ಹಾಗಾಗಿ ಆರು ವರ್ಷ ನಾನು ಕೊನೆಗಳನ್ನು ಕಣ್ಣು ತಿರುಗಿಸಿಯೇ ಬಿಚ್ಚಿದೆ.

ಹೀಗಿರುವಾಗ, ವಾಚನಾಲಯ ನಡೆಸುವವರೆಲ್ಲ ಪರವಾನಗಿ ಪಡೆಯಬೇಕು, ಇಲ್ಲವಾದರೆ ಬಾಗಿಲು ಮುಚ್ಚಬೇಕು ಎಂದು ಅಪ್ಪಣೆಯಾಯಿತು. ನೋಡಿ ವರದಿ ಮಾಡಬೇಕಾದವರು ಠಾಣೆಯ ಅಧಿಕಾರಿ, ಪೊಲೀಸ ಅಮೀನಸಾಹೇಬರು. ಅವರ ಒಂದು ಮಾತಿನ ಮೇಲೆ ನಮ್ಮ ಬಾಗಿಲು ನಿಂತಿತ್ತು. ಅಧ್ಯಕ್ಷರು ವೇದಾಂತವನ್ನೆಲ್ಲ ಕಪಾಟಿನ ಮುಂದಿನ ಸಾಲಿಗೆ ತಂದು, ಧೂಳು ಒರೆಸಿ, ನನಗೆ ತಾಕೀತು ಮಾಡಿದರು: "ಸಾಹೇಬರು ಕೇಳಿದ್ರ ಪುರಾಣ ಅನ್ರಿ. ನೀತಿ ಅನ್ರಿ. ಬ್ಯಾರೆ ಏನೂ ಅನಬ್ಯಾಡ್ರಿ."

ಅಮೀನಸಾಹೇಬರು ಮಧ್ಯಾಹ್ನ ಬಂದರು. ಹಿಟ್ನಾಳದ ಕಡೆ ಬೆಳೆದವರು. ಮಾತು ನಮ್ಮದೇ, ಕನ್ನಡ ಓದುವುದೂ ಬರುತ್ತಿತ್ತು, ಒತ್ತಕ್ಷರ ಬಂದಲ್ಲಿ ಒಂದಿಷ್ಟು ದಣಿವಾರಿಸಿಕೊಂಡು. ಅವರು ಕಪಾಟನ್ನು ನೋಡಿ, ವೇದಾಂತದ ಒಂದು ಪುಸ್ತಕ ಎಳೆದು, ಇನ್ನೂ ಕತ್ತರಿಸದೆ ಅಂಟಿಕೊಂಡೇ ಇದ್ದ ಪುಟಗಳ ಮೇಲೆ ಬೆರಳಾಡಿಸಿದರು.

"ಇದನ್ನ ಯಾರೂ ಮುಟ್ಟಿಲ್ಲಲ್ಲ. ಖರೇ ಹೇಳ್ರಿ, ನಿಮ್ಮ ಮಂದಿ ಓದೂದು ಏನು?"

ಅಲ್ಲಿ ನಾನು ಪುರಾಣ ಎನ್ನಬೇಕಿತ್ತು. ಆದರೆ ಏಳು ವರ್ಷದಲ್ಲಿ ನನ್ನ ಅಭಿಪ್ರಾಯ ಕೇಳಿದ ಮೊದಲ ಅಧಿಕಾರಿ ಇವರು. ಹಿಂದಿನ ವಾರ ಬಂದಿದ್ದ ಪತ್ತೇದಾರಿಯನ್ನು ತೆಗೆದುಕೊಟ್ಟು, "ಇದನ್ನ ಒಯ್ರಿ ಸಾಹೇಬ್ರ. ಹೊಸಾದು. ಈ ವರ್ಷ ಇದರಂಥಾದ್ದು ಬಂದಿಲ್ಲ" ಎಂದೆ. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಚೀಟಿ ಓದಿ ("ಹೆಣ ಒಂದು, ಆದರೆ ಶ್ರೀಮಂತರದು"), ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ನಿಯಮ ನಿಯಮವೇ ಆದ್ದರಿಂದ ಕೊನೆಯ ಹದಿನಾರು ಪುಟ ಡಬ್ಬಿಯಲ್ಲಿಯೇ ಉಳಿದವು. ಇದನ್ನು ಅವರಿಗೆ ಹೇಳುವುದನ್ನು ನಾನು ಮರೆತೆ.

ನಾಲ್ಕನೆಯ ದಿನ ಅವರು ಬಂದರು, ಇಬ್ಬರು ಪೊಲೀಸ ಜವಾನರೊಡನೆ. ಬೆಂಚಿನ ಮೇಲೆ ಚಿತ್ರಗಾರರೊಬ್ಬರೇ ಕೂತಿದ್ದರು. ಅಧ್ಯಕ್ಷರು ಕೆಳಗಿನಿಂದ ಓಡಿ ಬಂದರು.

"ಇದರ ಕಡೀ ಹಾಳಿ ಎಲ್ಲಿ?" ಎಂದು ಸಾಹೇಬರು ನನ್ನನ್ನು ಕೇಳಿದರು.

"ನಮ್ಮಲ್ಲಿ ಹಂಗ ಪದ್ಧತಿ ಐತ್ರಿ..."

"ತಪಾಸ ಮಾಡಾಕ ಬಂದ ಅಮೀನಗ ಪುಸ್ತಕ ಕೊಡತೀರಿ, ಹಾಳಿ ಹರದು ಕೊಡತೀರಿ. ಅದರಾಗ ಏನಿತ್ತು?"

"ಗೊತ್ತಿಲ್ರಿ."

"ಗೊತ್ತಿಲ್ಲ! ಈ ವರ್ಷ ಇದರಂಥಾದ್ದಿಲ್ಲ ಅಂದವ್ರು ನೀವ ಅಲ್ಲೇನು?"

ಅಧ್ಯಕ್ಷರು ಡಬ್ಬಿ ತಂದರು. ಈ ಡಬ್ಬಿಯನ್ನು ಪೊಲೀಸರ ಕಣ್ಣಿನಿಂದ ನಾನು ಅಂದಿನವರೆಗೆ ನೋಡಿರಲಿಲ್ಲ. ಪಾಳಿ ಮುಗಿದವನ್ನು ಮರಳಿ ಹೊಲಿದ ಮೇಲೆ ಉಳಿದದ್ದು: ರಟ್ಟಿಲ್ಲದ, ಹೆಸರಿಲ್ಲದ, ದಾರ ಕಟ್ಟಿದ ಹತ್ತು ಕಟ್ಟು ಅಚ್ಚಿನ ಹಾಳೆ. ಸಾಹೇಬರು ಒಂದನ್ನು ಎತ್ತಿ ಓದಿದರು: "...ನಾಳೆ ಸೂರ್ಯೋದಯಕ್ಕೆ ಮುನ್ನ ಖಜಾನೆಯ ಗೋಡೆ ಇರುವುದಿಲ್ಲ." ಇನ್ನೊಂದನ್ನು ಎತ್ತಿದರು: "...ಪಿಸ್ತೂಲನ್ನು ಹಿಟ್ಟಿನ ಗಡಿಗೆಯಲ್ಲಿ ಬಚ್ಚಿಡು ಎಂದನು." ಜವಾನರು ಬಾಗಿಲಿಗೆ ಅಡ್ಡ ನಿಂತರು. ಅಧ್ಯಕ್ಷರು ಬೆಂಚು ಹುಡುಕಿಕೊಂಡರು.

"ಎಲ್ಲಾ ಕಥೀದರಿ ಸಾಹೇಬ್ರ," ಎಂದರು ಚಿತ್ರಗಾರರು. "ಖಜಾನಿ ಗ್ವಾಡಿ ಉಳೀತೈತಿ. ಅದನ್ನ ನಾ ಓದೇನಿ."

"ಹಂಗಾರ ಈ ಪುಸ್ತಕದ್ದು ತಗೀರಿ. ಎಲ್ಲಾರ ಮುಂದ ಓದ್ರಿ."

"ತಡೀರಿ!" ಚಿತ್ರಗಾರರು ಎದ್ದು ನಿಂತರು. "ಅದನ್ನ ನಾ ಇನ್ನೂ ಓದಿಲ್ರಿ. ಮುಂದಿನ ಪಾಳಿ ನಂದ ಐತಿ." ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡು, ಇಬ್ಬರು ಜವಾನರ ನಡುವೆ ದಾರಿ ಮಾಡಿಕೊಂಡು, ಮೆಟ್ಟಿಲಿಳಿದು ಹೋಗಿಬಿಟ್ಟರು. ಅವರನ್ನು ತಡೆಯಬೇಕೆಂದು ಯಾರಿಗೂ ತೋಚಲಿಲ್ಲ.

ನಾನು ಓದತೊಡಗಿದೆ. ಮೊದಲ ಎರಡು ಪುಟ ಸುಗಮವಾಗಿ ಹೋದವು. ಮೂರನೆಯದರಲ್ಲಿ ಪತ್ತೇದಾರನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೆರಳು ಚಾಚಿದ. ನನ್ನ ಕಣ್ಣು ಬೆರಳಿಗಿಂತ ಮುಂದೆ ಓಡಿತು. ಕೊಲೆಗಾರ ಆ ಊರಿನ ಫೌಜದಾರ. ಪೊಲೀಸಿನವನು. ಕೋಣೆಯಲ್ಲಿದ್ದ ಐವರ ಪೈಕಿ ಮೂವರು ಪೊಲೀಸಿನವರು. ಆರು ವರ್ಷದ ಅಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಬಹುಮಾನ ಸಿಗಲಾರದು. ಕೆಮ್ಮಿದೆ. ಕೊಪ್ಪಳದ ಕನ್ನಡದ ಹಿತಕ್ಕಾಗಿ, ಒಂದು ಮುಗ್ಧ ಜೀವವನ್ನು ಬಲಿಕೊಟ್ಟೆ:

"ಕೊಲೆಗಾರ ಇವನೇ, ಈ ಡಾಕ್ಟರ..."

"ನಿಲ್ರಿ. ಡಾಕ್ಟರಗ ಹಿತ್ತಲ ಬಾಗಲ ಕೀಲಿ ಎಲ್ಲಿಂದ ಬಂತು?"

"ಅದು... ಮುಂದ ಬರತೈತ್ರಿ."

"ಬರೂದಿಲ್ಲ. ಆ ಫೌಜದಾರ ಊರಿಗಿ ಹೊಸಬ. ಬಂದ ದಿನಾನ, ಯಾರನ್ನೂ ದಾರಿ ಕೇಳಲಾರದ, ನೆಟ್ಟಗ ಹೆಣ ಬಿದ್ದ ಮನಿಗಿ ಹೋಗ್ಯಾನ. ನಲವತ್ತನೇ ಪುಟದಾಗ ಐತಿ. ದಾರಿ ಯಾರ ತೋರಿಸಿದ್ರು?" ಸಾಹೇಬರು ನನ್ನ ಮುಖವನ್ನೇ ನೋಡಿದರು. ಹುಬ್ಬು ಎದ್ದಿತ್ತೆಂದು ಕಾಣುತ್ತದೆ. "ಪುಸ್ತಕದಾಗ ಇದ್ದದ್ದ ಓದ್ರಿ."

ಇದ್ದದ್ದನ್ನು ಓದಿದೆ. ಫೌಜದಾರನಿಗೆ ಗಲ್ಲಾಯಿತು. ಅಧ್ಯಕ್ಷರ ತುಟಿ ಯಾವುದೋ ದೇವರ ಹೆಸರಿಗೆ ಅಲುಗುತ್ತಿತ್ತು.

"ಹೇಳಿದ್ನಿಲ್ಲೋ?" ಎಂದು ಸಾಹೇಬರು ಹಿರಿಯ ಜವಾನನ ಕಡೆ ತಿರುಗಿದರು. ಕುದುರೆ ಪಂದ್ಯ ಗೆದ್ದವರ ಮುಖ. "ನಿನ್ನಿ ಮುಂಜಾನೆ ನಿನಗ ಹೇಳಿದ್ನಿಲ್ಲೋ, ಫೌಜದಾರ ಅಂತ? ನೀ ಅಡಿಗಿಯವ ಅಂದಿ."

"ಅಂದಿದ್ರಿ, ಹುಜೂರ್," ಎಂದ ಜವಾನ, ಸೋತ ದನಿಯಲ್ಲಿ.

ಕೊಲೆಗಾರನನ್ನು ಡಬ್ಬಿ ತೆರೆಯುವ ಮೊದಲೇ, ಕಾರಣಸಹಿತ ಹಿಡಿದವರು ನಮ್ಮ ಸದಸ್ಯರಲ್ಲಿ ಒಬ್ಬರೂ ಇರಲಿಲ್ಲ. ಏಳು ವರ್ಷದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಓದುಗ ನಮ್ಮ ಬಾಗಿಲು ಮುಚ್ಚಿಸಲು ಬಂದವನಾಗಿದ್ದನು. ಸಾಹೇಬರು ಹದಿನಾರು ಪುಟಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ಕೋಟಿನ ಕಿಸೆಗೆ ಇಳಿಸಿದರು. ವರದಿಗೆ ಲಗತ್ತಿಸಬೇಕಂತೆ. ಮೆಟ್ಟಿಲ ಬಳಿ ನಿಂತು ಕೇಳಿದರು: "ಗದಗಿನಿಂದ ಮುಂದಿನ ಗಂಟು ಎಂದ ಬರತೈತಿ?"

ಮೂರು ವಾರಕ್ಕೆ ಪರವಾನಗಿ ಬಂತು. ಷರತ್ತು ಒಂದೇ: ಪುಸ್ತಕವನ್ನು ಪೂರ್ತಿಯಾಗಿ ಕೊಡಬೇಕು. ಡಬ್ಬಿಯಲ್ಲಿ ಉಳಿದ ಒಂಬತ್ತು ಕೊನೆಗಳನ್ನು ಅವವುಗಳ ಪುಸ್ತಕಕ್ಕೆ ಮರಳಿ ಹೊಲಿದೆ. ಹತ್ತನೆಯದು ಕಚೇರಿಯಿಂದ ಹಿಂದಕ್ಕೆ ಬರಲಿಲ್ಲ. ಚಿತ್ರಗಾರರು ಆ ಪುಸ್ತಕವನ್ನು ಕೊನೆಯಿಲ್ಲದೆಯೇ ಓದಿದರು.