ನೆರಿಗೆ ಲಂಗದ ಕಟ್ಟಡ

ಫ್ಲೋರಿನ್ ಬಜ್ಪೆಯ ಹುಡುಗಿ. ದೋಹಾದ ಅಲ್ ಸದ್ದ್‌ನಲ್ಲಿ, ಕಟ್ಟಡಗಳ ನಕ್ಷೆ ಮಾಡುವ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ತೊಂಬತ್ತರ ದಶಕದ ನಡುವಿನ ಮಾತು. ಆಫೀಸಿಗೆ ಬರುವವರೆಲ್ಲ ಆಗ ಕನ್ನಡಿ ಗಾಜಿನ ಗೋಡೆಗೆ ಮರುಳಾಗಿದ್ದರು. ಫ್ಲೋರಿನ್ ದಿನವಿಡೀ ಚೌಕ, ಚೌಕ, ಮತ್ತೆ ಚೌಕ ಎಳೆಯುತ್ತಿದ್ದಳು. ಆ ಬೇಸರ ಕಳೆಯಲು ಸಂಜೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವಳು. ಹೊಸ ಫ್ಯಾಷನ್ ಎಲ್ಲಿ ಕಂಡರೂ ಸರಿ, ಸ್ವಲ್ಪ ದಿನದಲ್ಲೇ ಅದು ಅವಳ ಮೈಮೇಲೆ.

ಒಂದು ಬೆಳಿಗ್ಗೆ ಪಾದ ಮುಟ್ಟುವ, ಒತ್ತೊತ್ತು ನೆರಿಗೆಯ ಲಂಗ ತೊಟ್ಟು ಬಂದಳು. ಅಂದೇ ನೂರಾ ಎಂಬ ಕತಾರಿ ಹೆಂಗಸು ತನ್ನ ಬಟ್ಟೆ ಅಂಗಡಿಯ ಹೊಸ ಕಟ್ಟಡದ ನಕ್ಷೆ ನೋಡಲು ಬಂದಿದ್ದಳು. ಬೆಂಗಳೂರಿನ ಇಂಜಿನಿಯರ್ ಸಂತೋಷ್ ತೋರಿಸಿದ್ದನ್ನೆಲ್ಲ ಆಕೆ ಪಕ್ಕಕ್ಕೆ ಸರಿಸಿದಳು. ಇನ್ನೊಂದು ಹಾಳೆ ತರಲು ಫ್ಲೋರಿನ್ ಸರ್ರನೆ ತಿರುಗಿದಳು. ಲಂಗ ಕೊಡೆಯಂತೆ ಅರಳಿ ಮೆಲ್ಲಗೆ ಇಳಿಯಿತು.

“ಖಲಾಸ್, ಮುಗಿಯಿತು!” ನೂರಾ ಎದ್ದು ನಿಂತಳು. “ನನಗೆ ಇದೇ ಬೇಕು!”

“ಮೇಡಂ, ಅದು ಸ್ಕರ್ಟು,” ಎಂದ ಸಂತೋಷ್.

“ಗೊತ್ತು. ಅದನ್ನೇ ಸಿಮೆಂಟಿನಲ್ಲಿ ಮಾಡಿ.”

ಆಕೆ ಹೋದ ಮೇಲೆ ಸಂತೋಷ್ ತಲೆ ಕೆರೆದುಕೊಂಡ. “ಏನ್ರೀ ಫ್ಲೋರಿನ್, ಸೀರೆ ಉಟ್ಕೊಂಡು ಬಂದಿದ್ರೆ ಇನ್ನೇನು ಕಥೆ ಆಗ್ತಿತ್ತೋ!”

“ನಾನೆಂತ ಮಾಡ್ಲಿ ಮಾರಾಯ್ರೇ, ತಿರುಗಿದ್ದು ಅಷ್ಟೇ!” ಅಂದಳು. ಅವಳ ಕಾಲು ಮಾತ್ರ ನೆಲದ ಮೇಲಿರಲಿಲ್ಲ. ಆ ನಕ್ಷೆ ಅವಳ ಪಾಲಿಗೇ ಬಂದಿತ್ತು.

ಆಮೇಲೆ ಆಫೀಸಿಗೆ ಆಫೀಸೇ ಕಾಗದ ಮಡಿಚಿದ್ದೂ ಮಡಿಚಿದ್ದೇ. ಫ್ಲೋರಿನ್ ಊಟದ ಹೊತ್ತಿನಲ್ಲೂ ಟಿಶ್ಯೂವಿಗೆ ನೆರಿಗೆ ಹಿಡಿಯುತ್ತಿದ್ದಳು. ಉಬ್ಬಿದ ಸಂಭ್ರಮದಲ್ಲಿ ಕಟ್ಟಡದ ಒಂದು ಮೂಲೆಯ ನಕ್ಷೆಯಿದ್ದ, ಎರಡೂ ಬದಿಯಿಂದ ಗೆರೆ ಕಾಣುವ ಟ್ರೇಸಿಂಗ್ ಹಾಳೆಯನ್ನು ಮಗುಚಿಟ್ಟು ತಿದ್ದಿದ್ದು ಅವಳಿಗೂ ತಿಳಿಯಲಿಲ್ಲ, ಸಹಿ ಹಾಕಿದ ಸಂತೋಷನಿಗೂ ತಿಳಿಯಲಿಲ್ಲ.

ಗೋಡೆಯ ಸಿಮೆಂಟು ಗಟ್ಟಿಯಾಗಿ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನ ಫ್ಲೋರಿನ್ ನೋಡಲು ಓಡಿದಳು. ಗೋಡೆಯ ನೆರಿಗೆಗಳೆಲ್ಲ ಎಡಕ್ಕೆ ಮಡಿಚಿಕೊಂಡಿದ್ದರೆ, ಆ ಮೂಲೆಯವು ಮಾತ್ರ ಬಲಕ್ಕೆ ಹೊರಳಿ ನಿಂತಿದ್ದವು.

“ಇದೆಂತದು ಪ್ರಮೋದಣ್ಣಾ?”

ಗದಗಿನ ಫೋರ್‌ಮನ್ ಪ್ರಮೋದ ನಕ್ಷೆ ಬಿಡಿಸಿ ಹಿಡಿದ. “ನೀವs ಹಂಗ ಬರದೀರಲ್ರೀ ಅಕ್ಕಾರ! ನಾ ಬರದಂಗ ಕಟ್ಟೀನಿ.”

ಅಷ್ಟರಲ್ಲಿ ನೂರಾಳ ಕಾರು ಬಂದು ನಿಂತಿತು. ಸಂತೋಷ್ ಬಾಯಿ ತೆರೆಯುವ ಮೊದಲೇ ಫ್ಲೋರಿನ್, “ತಪ್ಪು ನನ್ನದು ಮೇಡಂ,” ಎಂದುಬಿಟ್ಟಳು. ನೂರಾ ತಲೆ ವಾಲಿಸಿ ಗೋಡೆ ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದಳು. ಆಮೇಲೆ ಕಿಲಕಿಲ ನಕ್ಕಳು.

“ಗಾಳಿ ಬೀಸಿದೆ! ನನ್ನ ಕಟ್ಟಡಕ್ಕೆ ಗಾಳಿ ಬೀಸಿದೆ! ಯಾರೂ ಮುಟ್ಟಬೇಡಿ!”

ಫ್ಲೋರಿನ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಪ್ರಮೋದ ಹೆಲ್ಮೆಟ್ ಮೇಲಕ್ಕೆ ಎಸೆದು, ಹಿಡಿಯಲಾಗದೆ ಮರಳಿನಲ್ಲಿ ಬೀಳಿಸಿದ.

ಅಂಗಡಿ ತೆರೆದ ಮೇಲೆ ಜನ ಬಟ್ಟೆಗಿಂತ ಗೋಡೆಯನ್ನೇ ನೋಡಲು ಬಂದರು. ಫ್ಲೋರಿನ್‌ಗೆ ಚೌಕ ಎಳೆಯುವ ಕೆಲಸ ತಪ್ಪಿತು. ಕಟ್ಟಡದ ಮುಖ ಯಾವುದಿದ್ದರೂ ಸಂತೋಷ್ ಮೊದಲು ಅವಳನ್ನೇ ಕೂಗುತ್ತಿದ್ದ. ಸ್ವಲ್ಪ ದಿನಕ್ಕೆ ಅಲ್ ಶಮಾಲ್‌ನಿಂದ ಗಡ್ಡದ ಯಜಮಾನರೊಬ್ಬರು ಬಂದು, ಚೀಲದಿಂದ ಮಗಳ ಈದ್ ಫ್ರಾಕನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬುಗ್ಗೆ ತೋಳು, ಸೊಂಟದಲ್ಲಿ ದೊಡ್ಡ ಬೋ.

“ನನ್ನ ಮನೆ,” ಎಂದರು ಗಂಭೀರವಾಗಿ.

ಸಂತೋಷ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಫ್ಲೋರಿನ್ ಆಗಲೇ ಪೆನ್ಸಿಲ್ ಚೂಪು ಮಾಡುತ್ತಿದ್ದಳು.

“ಬೋ ಎದುರಿಗೆ ಬೇಕಾ, ಹಿಂದೆ ಬೇಕಾ ಕೇಳಿ ಸಾರ್!”