ಪ್ರೇಮಲೀಲಾ ಅವರ ಎರಡೂವರೆ ಗಂಟೆಯ ಮೊಸರು

ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವರನ್ನು ತೂಗಿಬಿಡುವುದು ನನ್ನ ಅಭ್ಯಾಸ. ಮೈಸೂರಿನ ನಜರ್‌ಬಾದಿನಲ್ಲಿ ಬ್ಯಾಟರಿ, ಸೋಲಾರ್ ಮಾರುತ್ತ ಇಪ್ಪತ್ತೆರಡು ವರ್ಷ ಕುಳಿತವನಿಗೆ ಅಷ್ಟೂ ಬರದಿದ್ದರೆ ಹೇಗೆ? ಪ್ರೇಮಲೀಲಾ ಅವರನ್ನು ಹೀಗೆ ತೂಗಿದೆ: ವಯಸ್ಸು ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ನೀರಿನಲ್ಲಿ ನೆನೆನೆನೆದು ಬಿಳಿಚಿದ ಬೆರಳು, ಬಾಯಿಗೆ ಎರಡು ಗಂಟು ಹಾಕಿದ ಕೈಚೀಲ. ಕೇಳುವುದು ಒಂದು ಗಂಟೆ, ಕೊಳ್ಳುವುದು ಒಂದು ಟಾರ್ಚು ಎಂದು ತೀರ್ಮಾನಿಸಿ, ಕುರ್ಚಿಯ ಬದಲು ಸ್ಟೂಲು ತೋರಿಸಿದೆ.

“ಕಾಡಿಗೆ ಟೆಂಟ್ ಹಾಕಕ್ಕೆ ಹೋಗೋರು ಕಾರಲ್ಲಿ ಇಟ್ಕೊಂಡಿರ್ತಾರಲ್ಲ, ಆ ಸಣ್ಣ ಫ್ರಿಜ್ಜು ಬೇಕಿತ್ತು. ಬಿಸಿಲಲ್ಲಿ ಓಡ್ಬೇಕು,” ಅಂದರು.

“ಎಲ್ಲಿಗಮ್ಮ ಟೂರು?”

“ಹೆಬ್ಬಾಳದ ಫ್ಯಾಕ್ಟರಿ ಗೇಟಿಗೆ ಕಣ್ರೀ. ದಿನಾ ಹೋಗ್ತೀನಿ. ನೀವೂ ಬನ್ನಿ, ಮೊಸರನ್ನ ಬಡಿಸ್ತೀನಿ.”

ಸ್ಟೂಲಿನಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. ಟಾರ್ಚಿನ ಗಿರಾಕಿಯಲ್ಲ.

ಮೊದಲು ಅವರು ಅದೇ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿದ್ದವರು. ಕಂಟ್ರಾಕ್ಟು ಬೇರೆಯವರ ಪಾಲಾದ ಮರುವಾರ ತಮ್ಮ ಸೌಟಿನ ಸಮೇತ ಗೇಟಿನ ಹೊರಗೆ ಬಂದು, ಮೂರು ಚಕ್ರದ ಸೈಕಲ್ ಗಾಡಿಯಲ್ಲಿ ಮೊಸರನ್ನ, ಮಜ್ಜಿಗೆ ಶುರು ಮಾಡಿದರು. ಹನ್ನೊಂದು ವರ್ಷವಾಯಿತು. ಗಂಟೆಗೊಮ್ಮೆ ಒಂದು ಚಮಚ ಮೊಸರು ನಾಲಿಗೆಗೆ ಹಾಕಿಕೊಂಡು, ಗಾಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಸಿಹಿಗೆ ನೇರ ಗೆರೆ, ಹುಳಿಗೆ ಅಡ್ಡ ಗೆರೆ. ಅಡ್ಡ ಗೆರೆ ಬಿದ್ದ ಮೇಲೆ ಆ ಪಾತ್ರೆ ಮಾರಾಟಕ್ಕಿಲ್ಲ. ನನ್ನ ಅಂಗಡಿಯಲ್ಲಿ ಅಂಥ ನಿಯಮ ತಂದರೆ ಅರ್ಧ ಗೋಡೌನು ಖಾಲಿಯಾದೀತು.

ಆ ಮಾರ್ಚಿನಲ್ಲಿ ಅಡ್ಡ ಗೆರೆ ಮಧ್ಯಾಹ್ನ ಒಂದಕ್ಕೇ ಬೀಳತೊಡಗಿತ್ತು. ಪಾಳಿ ಬದಲಾಗುವುದು ಎರಡೂವರೆಗೆ. ಹೆಚ್ಚಿನ ವ್ಯಾಪಾರ ಆಗಲೇ. ಐಸ್ ಇಟ್ಟು ನೋಡಿದರು, ಅನ್ನಕ್ಕೆ ನೀರು ಇಳಿಯಿತು. ಅದೇ ವಾರ ಇಬ್ಬರು ಹೊಟ್ಟೆನೋವೆಂದು ರಜೆ ಹಾಕಿದರು. ಕಾರಣ ಮೊಸರೋ ಬೇರೇನೋ, ಬೆರಳು ತೋರಿದ್ದು ಇವರ ಗಾಡಿಯ ಕಡೆಗೆ. ಗೇಟಿನ ಸೆಕ್ಯುರಿಟಿ ಆಫೀಸರ್ ಮಹದೇವಪ್ರಸಾದ್ ಕರೆದು, ಇನ್ನೊಂದು ದೂರು ಬಂದರೆ ಗಾಡಿ ರಸ್ತೆಯ ಆಚೆ ಬದಿಗೆ ಹೋಗಬೇಕು ಎಂದರು. ಹತ್ತು ನಿಮಿಷದ ಬಿಡುವಿನಲ್ಲಿ ಆ ರಸ್ತೆ ದಾಟಿ ಉಂಡು ಬರುವವರು ಯಾರು? ಜಾಗ ಹೋದರೆ ಗಾಡಿಯೂ ಹೋದಂತೆಯೇ.

ಗಾಡಿಯ ಚಾವಣಿಗೆ ಒಂದು ಪ್ಯಾನೆಲ್ಲು, ಕೆಳಗೆ ಬ್ಯಾಟರಿ, ಎಷ್ಟು ಕರೆಂಟು ಬರುತ್ತಿದೆ ಎಂದು ತೋರಿಸುವ ಪುಟ್ಟ ಮೀಟರು, ಮಧ್ಯೆ ಫ್ರಿಜ್ಜು. ಎಲ್ಲವನ್ನೂ ನಾನೇ ಲೆಕ್ಕ ಹಾಕಿ ಕೂರಿಸಿಕೊಟ್ಟೆ. ಪೂಜೆಯಿಲ್ಲದೆ ನಮ್ಮ ಅಂಗಡಿಯಿಂದ ಏನೂ ಹೊರಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಪ್ಯಾನೆಲ್ಲುಗಳು ಗೋಡೌನಿನಿಂದ ನೆಟ್ಟಗೆ ತಾರಸಿಗೆ ಹೋಗುತ್ತವೆ, ಪೂಜೆ ಬ್ಯಾಟರಿಗೆ ಮಾತ್ರ. ಇದು ಕೈಗೆ ಸಿಕ್ಕಿತ್ತಲ್ಲ, ಉತ್ಸಾಹ ಬಂತು. ಗಿರಾಕಿಯ ಹಣೆ ನೋಡಿ ಪ್ಯಾನೆಲ್ಲಿನ ಉದ್ದಕ್ಕೂ ಮೂರು ಪಟ್ಟೆ ದಟ್ಟ ವಿಭೂತಿ ಬಳಿದೆ. ನನ್ನ ಮನೆತನದ ಕಡೆಯಿಂದ ನಾಲ್ಕು ಮೂಲೆಗೆ ಗಂಧ, ಕುಂಕುಮ. ಮೇಲೊಂದು ಪ್ಲಾಸ್ಟಿಕ್ ಚೆಂಡುಹೂವಿನ ಹಾರ. “ಒರೆಸಬೇಡಿ, ತಾನಾಗೇ ಹೋಗ್ಬೇಕು,” ಎಂದೂ ಹೇಳಿದೆ.

ಮೂರು ದಿನ ಹಲಗೆಯ ಮೇಲೆ ನೇರ ಗೆರೆಗಳೇ. ನಾಲ್ಕನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಫ್ರಿಜ್ಜು ನಿಂತಿತು. ಅವರು ಒಂದು ಗಂಟೆಗೆ ಅಡ್ಡ ಗೆರೆ ಎಳೆದು, ಎರಡೂವರೆಯ ಜನಕ್ಕೆ “ಇವತ್ತಿಲ್ಲ ಕಣ್ರಪ್ಪಾ” ಎಂದು ಹೇಳಿ ಕಳಿಸಿದರಂತೆ. ಆಮೇಲೆ ನನಗೆ ಫೋನು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಹೋದೆ. ಮೀಟರು ಮೂರು ಆಂಪಿಯರ್ ತೋರಿಸುತ್ತಿತ್ತು. ಆ ಬಿಸಿಲಿಗೆ ಒಂಬತ್ತು ಬರಬೇಕು. ಅಂಗಡಿಯಿಂದ ತುಂಬಿಸಿ ಕೊಟ್ಟಿದ್ದ ಬ್ಯಾಟರಿ ಮೂರು ದಿನ ಮಾನ ಕಾಪಾಡಿ ಕೈ ಚೆಲ್ಲಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. ಮುಚ್ಚಳ ಪದೇಪದೇ ತೆಗೆಯುತ್ತೀರಿ ಎಂದೆ. ಗಾಡಿಯ ದಿಕ್ಕು ಸರಿಯಿಲ್ಲ ಎಂದೆ. ಕೊನೆಗೆ, “ಇನ್ನೊಂದು ಪ್ಯಾನೆಲ್ ಹಾಕಿಸ್ಕೊಂಡ್ರೆ ತಾಪತ್ರಯವೇ ಇರಲ್ಲ,” ಎಂದೆ.

ಪಕ್ಕದಲ್ಲಿ ಸೌತೆಕಾಯಿ ಮಾರುವ ಲಿಂಗಯ್ಯ ನಕ್ಕ. “ಅಕ್ಕೋ, ಡಾಕ್ಟ್ರು ಕಾಯಿಲೆ ನೋಡೋಕ್ ಮುಂಚೇನೇ ಆಪರೇಷನ್ ಅಂತವ್ರೆ.”

“ನೀನು ಸುಮ್ಕಿರು. ನಿನ್ ಕೊಡೆ ಒಸಿ ಈ ಕಡೆ ಬಗ್ಸು,” ಅಂದರು ಪ್ರೇಮಲೀಲಾ. ಕೊಡೆಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ, ಅಂಗೈಯಷ್ಟು, ಬಿತ್ತು. ಮೀಟರು ಮೂರರಿಂದ ಎರಡಕ್ಕೆ ಇಳಿಯಿತು.

“ನೋಡಿದ್ರಾ ವಾಗೀಶಣ್ಣ? ನೆರಳು ಬಿದ್ದಿದ್ದು ಮೂಲೆಗೆ, ಬಡವಾಗಿದ್ದು ಪೂರ್ತಿ ಪ್ಯಾನೆಲ್ಲು. ನಿನ್ನೆ ಮಧ್ಯಾಹ್ನವೆಲ್ಲ ಕೈ ಅಡ್ಡ ಹಿಡಿದು ನೋಡ್ಬುಟ್ಟೆ. ಅಂಗೈ ನೆರಳಿಗೇ ಇಷ್ಟಾದ್ರೆ, ಮೂರು ಪಟ್ಟೆ ವಿಭೂತಿಗೆ, ಹಾರಕ್ಕೆ ಎಷ್ಟಾಗ್ಬೇಕು?”

ಬಿಡಿ ಬಿಲ್ಲೆಗಳನ್ನು ಸರಪಳಿಯಂತೆ ಜೋಡಿಸಿ ಪ್ಯಾನೆಲ್ ಮಾಡುತ್ತಾರೆ, ಒಂದಕ್ಕೆ ಮಂಕು ಕವಿದರೆ ಜೊತೆಯವೂ ಸೊರಗುತ್ತವೆ. ಇದನ್ನು ನೂರಾರು ಗಿರಾಕಿಗಳಿಗೆ ಪಾಠ ಹೇಳಿದವನು ನಾನು. ಮರದ ನೆರಳು, ನೀರಿನ ಟ್ಯಾಂಕಿನ ನೆರಳು ಎಂದೆಲ್ಲ ಎಚ್ಚರಿಸುತ್ತೇನೆ. ನನ್ನ ಕೈಯಾರೆ ಬಳಿದದ್ದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

“ಗೊತ್ತಾದ ಮೇಲೆ ನಿನ್ನೆಯೇ ಒರೆಸಬಾರದಿತ್ತೇನಮ್ಮ?”

“ಪೂಜೆ ಮಾಡಿದೋರು ನೀವು. ಒರೆಸಬೇಡಿ ಅಂದೋರೂ ನೀವು. ಭಕ್ತಿಯಿಂದ ಹಚ್ಚಿದ್ದನ್ನ ನಾನು ಎಂಗೆ ಅಳಿಸ್ಲಿ? ನೀವೇ ಬಂದು ಒರೆಸ್ಲಿ ಅಂತ್ಲೇ ಫೋನ್ ಮಾಡಿದ್ದು,” ಎಂದು ಒದ್ದೆ ಬಟ್ಟೆ ಕೈಗೆ ಕೊಟ್ಟರು.

ಸ್ಟೂಲು ಹತ್ತಿ ಒರೆಸಿದೆ. ಗಂಧ ಕಲ್ಲಾಗಿತ್ತು, ಉಗುರಿನಲ್ಲಿ ಕೆರೆಯಬೇಕಾಯಿತು. ಒಂದೊಂದು ಪಟ್ಟೆ ಹೋದಂತೆ ಲಿಂಗಯ್ಯ ಕೆಳಗಿನಿಂದ ಹರಾಜು ಕೂಗಿದ: “ನಾಲ್ಕೂವರೆ… ಆರು… ಎಂಟು ದಾಟ್ತು.” ಒಂಬತ್ತಕ್ಕೆ ನಿಂತಿತು. ಅರ್ಧ ಗಂಟೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟತೊಡಗಿತು. ಪ್ರೇಮಲೀಲಾ ಪ್ಯಾನೆಲ್ಲಿನ ಅಲ್ಯೂಮಿನಿಯಂ ಅಂಚಿಗೆ ಒಂದು ಪುಟ್ಟ ಬೊಟ್ಟು ಇಟ್ಟು ಕೈಮುಗಿದರು.

ಎರಡೂವರೆಗೆ ಪಾಳಿ ಬಿಟ್ಟಾಗ ಮೊದಲು ಬಂದವರು ಮಹದೇವಪ್ರಸಾದ್. ಒಂದು ತುತ್ತು ಬಾಯಿಗಿಟ್ಟು, ಎರಡನೆಯ ತಟ್ಟೆಗೆ ಕೈಚಾಚಿದರು. ಆಮೇಲೆ, “ನಿನ್ನೆ ಏನಾಗಿತ್ತಮ್ಮ ಯಂತ್ರಕ್ಕೆ?” ಎಂದು ಕೇಳಿದರು.

ಹತ್ತಾರು ಜನ ಸುತ್ತ ನಿಂತಿದ್ದರು. ಪ್ರೇಮಲೀಲಾ ನನ್ನ ಕಡೆ ನೋಡಲೂ ಇಲ್ಲ. “ಧೂಳು ಕೂತಿತ್ತು ಸಾರ್,” ಅಂದರು.

ಗಾಡಿ ಈಗಲೂ ಗೇಟಿನ ಪಕ್ಕದಲ್ಲೇ ಇದೆ. ಎರಡು ಬೇಸಿಗೆ ಕಳೆದವು, ಒಂದು ದೂರೂ ಬಂದಿಲ್ಲ. ಆ ಗೇಟಿನಿಂದ ನನಗೆ ಬಂದ ಗಿರಾಕಿಗಳೂ ಕಡಿಮೆಯೇನಲ್ಲ. ನನ್ನ ಹೆಸರಿಗೆ ಅಲ್ಲಿ ಒಂದು ಕಲೆಯೂ ಬೀಳದಂತೆ ಆಕೆ ನೋಡಿಕೊಂಡರು. ಅದಕ್ಕೇ ಬರೆದು ಹೇಳುತ್ತಿದ್ದೇನೆ: ಆ ದಿನ ಪ್ಯಾನೆಲ್ಲಿನ ಮೇಲೆ ಧೂಳಿರಲಿಲ್ಲ, ತಪ್ಪು ನನ್ನದು. ಅಷ್ಟು ಜನರೆದುರು ಆಗಲೇ ಹೇಳಬೇಕಿದ್ದ ಈ ಮಾತು ನಾನು ಪ್ರೇಮಲೀಲಾ ಅವರಿಗೆ ತೀರಿಸಬೇಕಿದ್ದ ಸಾಲ.